ಗಾಳಿಗೆ ಮುಖ ಮಾಡಿದ ಹನ್ನೆರಡು ಬಾತು

ಮೂಡಲಗಿ
12 ನವೆಂಬರ್ 2023

ಗೆಳೆಯ ಹೊಳೆಪ್ಪನಿಗೆ,

ನಾವೆಲ್ಲ ಕ್ಷೇಮ ಎಂದು ಬರೆದು ಶುರು ಮಾಡುವುದು ರೂಢಿ. ಆದರೆ ಮೂವತ್ತೆಂಟು ವರ್ಷ ಒಂದು ಸಾಲೂ ಬರೆಯದವನು ಈಗ ನಿನ್ನ ಕ್ಷೇಮ ಕೇಳಿದರೆ ನೀನು ಕಾಗದವನ್ನು ಅಲ್ಲೇ ಹರಿದು ಹಾಕಬಹುದು. ಆದ್ದರಿಂದ ಕೆಲಸದ ಮಾತಿಗೇ ಬರುತ್ತೇನೆ. ಫೋನ್ ಮಾಡೋಣವೆಂದರೆ ನಿನ್ನ ಕಿವಿ ಪೂರ್ತಿ ಹೋಗಿದೆ, ನೂಲಿನ ಗಿರಣಿಯ ಸದ್ದಿಗೆ ಹೋಯಿತು ಎಂದು ಭೀಮಶಿ ಹೇಳಿದ. ಅವನು ಗೋಕಾಕ ಬಸ್ಸಿನ ಕಂಡಕ್ಟರ್, ನಿನ್ನಲ್ಲಿ ಕೊಡೆ ರಿಪೇರಿ ಮಾಡಿಸುತ್ತಾನಂತೆ.

ನನ್ನ ಮಗ ಶಿವಪುತ್ರನ ಮಗಳು ಕಾಜಲ್ ಹಕ್ಕಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ. ಇಪ್ಪತ್ತನಾಲ್ಕು ವರ್ಷದವಳು. ಹುಕ್ಕೇರಿಯಲ್ಲಿ ಒಂದು ಖೋಲಿ ಹಿಡಿದು, ದಿನಾ ಬೆಳಗಾಗುವುದರೊಳಗೆ ಹಿಡಕಲ್ ಡ್ಯಾಮಿನ ಹಿನ್ನೀರಿಗೆ ಹೋಗುತ್ತಾಳೆ. ಚಳಿಗಾಲಕ್ಕೆ ಬರುವ ಬಾತುಗಳನ್ನು ಬಲೆಯಲ್ಲಿ ಹಿಡಿದು, ಕಾಲಿಗೆ ನಂಬರಿನ ಉಂಗುರ ತೊಡಿಸಿ, ಮತ್ತೆ ಹಾರಿಬಿಡುವುದು ಅವಳ ತಂಡದ ಕೆಲಸ. ಸರಕಾರದ ಪರವಾನಗಿ ಇದೆ. ಬಾತುಗಳು ಬಲೆಯ ಹತ್ತಿರ ಇಳಿಯಬೇಕಾದರೆ ಅಲ್ಲಿ ಹುಸಿ ಬಾತುಗಳನ್ನು ತೇಲಬಿಟ್ಟು ಕರೆಯಬೇಕು. ನಾವು ಬಂದೂಕಿನ ಮುಂದೆ ತೇಲಬಿಡುತ್ತಿದ್ದೆವಲ್ಲ, ಅದೇ ಕೆಲಸ. ಇವಳದು ಪುಣ್ಯದ್ದು.

ಅವಳು ಮೂರು ನಮೂನೆಯವನ್ನು ತರಿಸಿದ್ದಾಳೆ. ಒಂದು, ಗಾಳಿ ತುಂಬಿದರೆ ಉಬ್ಬುವ ರಬ್ಬರಿನದು. ಎರಡನೆಯದು ಪ್ಲಾಸ್ಟಿಕ್ ಹಲಗೆಯದು, ಪುಸ್ತಕದ ಹಾಗೆ ಮಡಚುತ್ತದೆ. ಮೂರನೆಯದು ಗಟ್ಟಿ ಪ್ಲಾಸ್ಟಿಕ್ಕಿನದು, ನೋಡಲು ನಿಜವಾದ ಬಾತೇ, ಆದರೆ ಒಂಬತ್ತು ಹೊತ್ತರೆ ಬೆನ್ನು ಬಾಗುತ್ತದೆ. "ಅಜ್ಜಾ, ನಿನಗ ಹಕ್ಕಿದೆಲ್ಲಾ ಗೊತ್ತೈತಿ. ಹಗೂರ ಇರಬೇಕು, ಮಡಚಾಕ ಬರಬೇಕು, ಖರೆ ಬಾತು ನಂಬಬೇಕು. ಯಾವ್ದು ತಗೋಲಿ ಹೇಳು" ಎಂದು ಕೇಳಿದಳು. ನನಗೇನು ಗೊತ್ತು? ನಮ್ಮಿಬ್ಬರಲ್ಲಿ ಬಾತು ಗೊತ್ತಿದ್ದವನು ನೀನು. ನನಗೆ ಗೊತ್ತಿದ್ದದ್ದು ಬರೀ ಗುರಿ ಹಿಡಿಯುವುದು.

ನಿನ್ನ ಅಂಗಡಿಯಲ್ಲಿ ಕೊಡೆಯ ಹಾಗೆ ಮಡಚುವ ಬಟ್ಟೆಯ ಬಾತು ತೂಗುಹಾಕಿದೆ ಎಂದೂ ಭೀಮಶಿಯೇ ಹೇಳಿದ. ಅದು ಸಿಗುತ್ತದೆಯೇ? ಸಿಗದಿದ್ದರೆ ಈ ಮೂರರಲ್ಲಿ ಯಾವುದು ವಾಸಿ ಎಂದಾದರೂ ಬರೆ. ಹಳೆಯದನ್ನೆಲ್ಲ ಕೆದಕುವ ವಯಸ್ಸು ನಮ್ಮದಲ್ಲ. ನಿನ್ನ ಹೆಂಡತಿ ಪದ್ಮವ್ವನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ,
ದುರ್ಗಪ್ಪ


ಗೋಕಾಕ ಫಾಲ್ಸ್
24 ನವೆಂಬರ್ 2023

ಶ್ರೀ ದುರ್ಗಪ್ಪನವರಿಗೆ,

ಜೈ ಭೀಮ್. ನಿಮ್ಮ ಕಾಗದ ತಲುಪಿತು. ಹರಿದು ಹಾಕಲಿಲ್ಲ.

ಕೇಳಿದ್ದಕ್ಕೆ ಉತ್ತರ. ರಬ್ಬರಿನದು ಬೇಡ. ಹಿನ್ನೀರಿನ ದಂಡೆಯ ತುಂಬ ಜಾಲಿ ಬೆಳೆದಿದೆ, ಒಂದು ಮುಳ್ಳು ತಾಗಿದರೆ ಮುಗಿಯಿತು. ತಾಗದಿದ್ದರೂ ಅದು ನೀರಿನಲ್ಲಿ ಕೂರುವುದಿಲ್ಲ, ನೀರಿನ ಮೇಲೆ ನಿಲ್ಲುತ್ತದೆ. ಬಾತಿನ ಅರ್ಧ ಹೊಟ್ಟೆ ನೀರೊಳಗಿರಬೇಕು. ಹಗುರವೆಂದು ಖುಷಿಪಟ್ಟರೆ ಗಾಳಿಗೆ ಮಗುಚಿ ಹೊಟ್ಟೆ ಮೇಲೆ ಮಾಡುತ್ತದೆ. ಸತ್ತ ಬಾತಿನ ಪಕ್ಕ ಯಾವ ಬಾತೂ ಇಳಿಯುವುದಿಲ್ಲ.

ಹಲಗೆಯದೂ ಬೇಡ. ದಂಡೆಯ ಮೇಲೆ ನಿಂತವರಿಗೆ ಅದು ಚೆಂದ ಕಾಣುತ್ತದೆ. ಆದರೆ ಬಾತು ದಂಡೆಯಿಂದ ಬರುವುದಿಲ್ಲ, ಮೇಲಿನಿಂದ ಬರುತ್ತದೆ. ಮೇಲಿನಿಂದ ನೋಡಿದರೆ ಹಲಗೆ ಬರೀ ಒಂದು ಗೆರೆ.

ಗಟ್ಟಿ ಪ್ಲಾಸ್ಟಿಕ್ಕಿನದು ಎಳೆಬಿಸಿಲಿಗೆ ಹೊಳೆಯುತ್ತದೆ. ಕೆಸರು ಬಳಿದರೆ ಹೊಳಪು ಹೋಗುತ್ತದೆ. ಭಾರ ಹೋಗುವುದಿಲ್ಲ.

ಬಟ್ಟೆಯದೇ ಒಳ್ಳೆಯದು. ಮೇಣ ಕುಡಿಸಿದ ದಪ್ಪ ಬಟ್ಟೆ, ಒಳಗೆ ಕೊಡೆಯ ಕಡ್ಡಿ, ಹೊಟ್ಟೆಯ ಕೆಳಗೆ ಸಣ್ಣ ಸೀಸದ ಗುಂಡು. ಅಂಥವು ನನ್ನಲ್ಲಿ ಹನ್ನೆರಡು ಇವೆ. ಮಾರುವುದಕ್ಕೆ ಮಾಡಿದ್ದಲ್ಲ.

ಎಷ್ಟು ತೇಲಬಿಟ್ಟರೂ ಒಂದೇ ಒಂದರ ತಲೆ ಎತ್ತಿರಬೇಕು, ಉಳಿದವು ಮೇಯುತ್ತಿರಬೇಕು ಇಲ್ಲವೇ ಮಲಗಿರಬೇಕು ಎಂದು ನಿಮ್ಮ ಮೊಮ್ಮಗಳಿಗೆ ಹೇಳಿ. ಎಲ್ಲವೂ ತಲೆ ಎತ್ತಿದ್ದರೆ ಅಲ್ಲಿ ಏನೋ ಅಪಾಯವಿದೆ ಎಂದು ಬಂದವು ತಿರುಗಿ ಹೋಗುತ್ತವೆ. ಒಂದೂ ಎತ್ತಿರದಿದ್ದರೆ ಕಾವಲಿಲ್ಲದ ಗುಂಪು ಎಂದು ಇಳಿಯುವುದೇ ಇಲ್ಲ.

ಪದ್ಮವ್ವ ತೀರಿಕೊಂಡು ಆರು ವರ್ಷವಾಯಿತು. ನಮಸ್ಕಾರ ತಿಳಿಸಲಾಗಲಿಲ್ಲ.

ಹೊಳೆಪ್ಪ
ಕೊಡೆ ರಿಪೇರಿ


ಮೂಡಲಗಿ
8 ಡಿಸೆಂಬರ್ 2023

ಹೊಳೆಪ್ಪ,

ಪದ್ಮವ್ವನ ಸುದ್ದಿ ನನಗೆ ಗೊತ್ತಿರಲಿಲ್ಲ. ಮೂಡಲಗಿಯಿಂದ ಫಾಲ್ಸ್‌ಗೆ ಎಷ್ಟು ದೂರ? ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಮುಟ್ಟಬಹುದು. ಅಷ್ಟು ಹತ್ತಿರದಲ್ಲಿದ್ದೂ ಗೊತ್ತಾಗಲಿಲ್ಲ ಎಂದರೆ ಗೊತ್ತು ಮಾಡಿಕೊಳ್ಳಲಿಲ್ಲ ಎಂದೇ ಅರ್ಥ. ನೀನು ಬೈಯುವ ಮೊದಲು ನಾನೇ ಬರೆದುಕೊಂಡೆ.

ನೀನು ನನಗೆ ‘ಶ್ರೀ ದುರ್ಗಪ್ಪನವರಿಗೆ’ ಎಂದು ಬರೆದಿದ್ದೀ. ಗೋಕಾಕದ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ನನ್ನನ್ನು ‘ದುರ್ಗ್ಯಾ’ ಎಂದು ಕರೆಯುತ್ತಿದ್ದವನು ನೀನೊಬ್ಬನೇ. ನಮ್ಮ ಕೇರಿಯ ಹುಡುಗರು ಕರೆದರೆ ಸುಮ್ಮನಿರುತ್ತಿದ್ದ ನಮ್ಮಪ್ಪ ನೀನು ಕರೆದರೆ ಬೈಯುತ್ತಿದ್ದ, ಆದರೂ ನೀನು ಬಿಡಲಿಲ್ಲ. ಈಗ ಬಹುವಚನ ಬರೆದು ಕೂರಿಸಿದ್ದೀ. ಚುಚ್ಚಿತು. ಚುಚ್ಚಲಿ ಎಂದೇ ಬರೆದಿರಬೇಕು.

ಈಗ ಕೇಳು. ಸೋಮವಾರ ಬೆಳಿಗ್ಗೆ ಕಾಜಲ್ ಗಟ್ಟಿ ಪ್ಲಾಸ್ಟಿಕ್ಕಿನ ಒಂಬತ್ತನ್ನೂ ಚೀಲಕ್ಕೆ ತುಂಬಿ ಬೆನ್ನಿಗೆ ಹಾಕಿಕೊಂಡು ನೀರಿನಿಂದ ಹೊರಗೆ ಬರುತ್ತಿದ್ದಳಂತೆ. ಹಿನ್ನೀರು ಇಳಿದ ಜಾಗದ ಕೆಸರು ನಿನಗೆ ಗೊತ್ತು. ಒಂದು ಕಾಲು ಹೂತಿತು, ಅದನ್ನು ಕೀಳಲು ಹೋಗಿ ಇನ್ನೊಂದೂ ಹೂತಿತು. ಬೆನ್ನ ಮೇಲಿನ ಭಾರಕ್ಕೆ ಸೊಂಟದವರೆಗೆ ಇಳಿದಿದ್ದಾಳೆ. ಮೀನು ಹಿಡಿಯುವ ಮುತ್ತಪ್ಪ ಎಂಬವನು ಹರಿಗೋಲು ತಂದು ಎಳೆದುಹಾಕಿದ. ಅವನು ಕಾಣದಿದ್ದರೆ ಏನಾಗುತ್ತಿತ್ತೋ ಎಂದು ಅವಳ ಅವ್ವ ನಂದಾ ಇನ್ನೂ ಅಳುತ್ತಿದ್ದಾಳೆ.

"ಚೀಲ ಒಗದು ಬರಬೇಕಿತ್ತಲ್ಲವ್ವಾ" ಅಂದೆ. "ಅದು ಆಫೀಸಿಂದು ಅಜ್ಜಾ, ನನ್ನ ನಂಬಿ ಕೊಟ್ಟಾರ. ಹೆಂಗ ಬಿಟ್ಟ ಬರ್ಲಿ?" ಅಂದಳು. ಆ ಮಾತು ಕೇಳಿ ನಾನು ಎದ್ದು ಹೊರಗೆ ಹೋದೆ. ಯಾಕೆಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೆಲಸ ಬಿಡು ಎಂದರೆ ಬಿಡುವುದಿಲ್ಲ. ಮುಂದಿನ ವಾರ ಮತ್ತೆ ಇಳಿಯುತ್ತಾಳೆ. ಆ ಹಗುರವಾದ ಹನ್ನೆರಡನ್ನು ಅವಳಿಗೆ ಕೊಡು ಹೊಳೆಪ್ಪ. ನನಗೆ ಕೊಡಬೇಡ, ಅವಳಿಗೆ ಕೊಡು.

ದುರ್ಗಪ್ಪ


ಗೋಕಾಕ ಫಾಲ್ಸ್
21 ಡಿಸೆಂಬರ್ 2023

ಶ್ರೀ ದುರ್ಗಪ್ಪನವರಿಗೆ,

ಹನ್ನೆರಡನ್ನೂ ಕೊಡುತ್ತೇನೆ. ಹುಡುಗಿಯನ್ನು ಕಳಿಸಿ, ಬಿಡುವ ರೀತಿಯನ್ನೂ ಎತ್ತುವ ರೀತಿಯನ್ನೂ ಕಲಿಸಬೇಕು. ಬರುವಾಗ ಏನೂ ತರುವುದು ಬೇಡ.

ಆದರೆ ಅವು ಯಾಕೆ ಹುಟ್ಟಿದವು ಎಂದು ಪಡೆಯುವವರ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು. ಹಳೆಯದನ್ನು ಕೆದಕುವ ವಯಸ್ಸಲ್ಲ ಎಂದು ಬರೆದಿದ್ದಿರಿ. ಕೆದಕುವುದಕ್ಕೆ ಅದು ಮುಚ್ಚಿಹೋಗಿದ್ದರೆ ತಾನೇ.

1986ರ ಜನವರಿ. ಧೂಪದಾಳದ ಹಿನ್ನೀರು. ನಿಮ್ಮ ತಂದೆಯವರ ಬಂದೂಕು. ನನ್ನ ಅಪ್ಪ ನಿಮ್ಮ ತಂದೆಯವರಿಗೆಂದು ಹಾಲವಾಣದ ಕಟ್ಟಿಗೆಯಲ್ಲಿ ಕೆತ್ತಿಕೊಟ್ಟ ಹನ್ನೆರಡು ಬಾತು. ಸರಕಾರ ಬೇಟೆ ನಿಲ್ಲಿಸಿ ಹತ್ತು ವರ್ಷದ ಮೇಲಾಗಿತ್ತು, ತಪ್ಪೆಂದು ನಮಗಿಬ್ಬರಿಗೂ ಗೊತ್ತಿತ್ತು. ನನ್ನನ್ನು ಯಾರೂ ಎಳೆದುಕೊಂಡು ಹೋಗಿರಲಿಲ್ಲ. ಆ ಮಾತು ಮೊದಲೇ ಹೇಳಿಬಿಡುತ್ತೇನೆ.

ನಿಮ್ಮ ಗುಂಡಿಗೆ ಎರಡು ಬಾತು ಬಿದ್ದವು. ನೀವು ಬಂದೂಕು ತೆಗೆದುಕೊಂಡು ಬಾಂದಿನ ಏರಿಯ ಮೇಲೆ ಸೈಕಲ್ ಹತ್ತಿರ ಹೋದಿರಿ. ಹೋಗುವಾಗ ಹೇಳಿದ ಮಾತು ಇದು: "ಹೊಳ್ಯಾ, ಒಂದೂ ಬಿಡಬ್ಯಾಡ. ಕಡಿಮಿ ಬಂದ್ರ ಅಪ್ಪ ನನ್ನ ಸುಲೀತಾನು. ಯಾರರ ಬಂದ್ರ ಎರಡ ಸಲ ಸಿಳ್ಳ ಹೊಡೀತೀನಿ. ಆವಾಗ ಎಲ್ಲಾ ಒಗದು ಓಡು."

ನಾನು ಸೊಂಟದ ಮಟ್ಟದ ನೀರಿನಲ್ಲಿದ್ದೆ. ಒಂದೊಂದಕ್ಕೂ ಒಂದು ದಾರ, ದಾರದ ತುದಿಗೆ ಒಂದು ಕಲ್ಲು. ದಾರ ಸುತ್ತಿ, ಕಲ್ಲು ಬಿಚ್ಚಿ, ನೆನೆದ ಕಟ್ಟಿಗೆಯನ್ನು ಬುಟ್ಟಿಗೆ ಹಾಕಬೇಕು. ಏಳನೆಯದಕ್ಕೆ ಕೈ ಹಾಕಿದಾಗ ದಂಡೆಯ ಮೇಲೆ ಅರಣ್ಯ ಇಲಾಖೆಯವರ ಬೂಟಿನ ಕಾಲುಗಳು ಕಂಡವು. ಬಾಂದಿನ ಕಡೆ ನೋಡಿದೆ. ಸೈಕಲ್ ಇರಲಿಲ್ಲ.

ಮೂರು ತಿಂಗಳು ಒಳಗಿದ್ದೆ. ಮಗಳು ಆಮ್ರಪಾಲಿ ಹುಟ್ಟಿದಾಗ ನಾನು ಮನೆಯಲ್ಲಿರಲಿಲ್ಲ. ಗಿರಣಿಯ ಕೆಲಸ ಹೋಯಿತು; ಮೂರು ತಿಂಗಳು ಬರದವನ ಹೆಸರು ಯಾವ ಹಾಜರಿಯಲ್ಲೂ ಉಳಿಯುವುದಿಲ್ಲ, ಅದಕ್ಕೆ ಯಾರನ್ನೂ ದೂರುವುದಿಲ್ಲ. ಕೊಡೆ ರಿಪೇರಿ ಕಲಿತೆ. ಮಗಳು ಶಾಲೆಗೆ ಹೋಗುವಾಗ ‘ಹಕ್ಕಿ ಕಳ್ಳನ ಮಗಳು’ ಎನ್ನಿಸಿಕೊಂಡು ಬೆಳೆದಳು. ಈಗ ಹುಕ್ಕೇರಿಯಲ್ಲಿ ಶಿಕ್ಷಕಿಯಾಗಿದ್ದಾಳೆ. ಇವತ್ತಿಗೂ ಗೋಕಾಕದ ಸಂತೆಗೆ ಬರುವುದಿಲ್ಲ.

ಬಿಡುಗಡೆಯಾದ ವರ್ಷ, ಮುರಿದ ಕೊಡೆಗಳ ಕಡ್ಡಿ ಕೂಡಿಸಿ ಮಡಚುವ ಬಾತು ಮಾಡಲು ಕೂತೆ. ಹನ್ನೆರಡಕ್ಕೂ ಒಂದೇ ಉದ್ದನೆಯ ದಾರ. ಎಳೆದರೆ ಒಂದರ ಹಿಂದೆ ಒಂದು ಮಡಚಿಕೊಂಡು ಕೈಗೆ ಬರುತ್ತವೆ, ಎಲ್ಲವೂ ಒಂದು ಶಾಲೆಯ ಚೀಲದಲ್ಲಿ ಹಿಡಿಸುತ್ತವೆ. ನೀರಿಗೆ ಎಂದೂ ಬಿಟ್ಟಿಲ್ಲ. ಮನೆಯ ಮುಂದಿನ ಹಾಸುಗಲ್ಲಿನ ಮೇಲೆ ಹರವಿ, ಎತ್ತಿ, ಎಣಿಸುತ್ತಿದ್ದೆ. ಕಟ್ಟಿಗೆಯವನ್ನು ಎತ್ತಲು ನಾಲ್ಕು ನೂರು ಎಣಿಸುವಷ್ಟು ಹೊತ್ತು ಬೇಕಾಗುತ್ತಿತ್ತು. ಇವಕ್ಕೆ ನಲವತ್ತು ಸಾಕು. "ಯಾರಿಗಿ ಮಾಡಾಕತ್ತೀರಿ ಇವನ್ನ?" ಎಂದು ಪದ್ಮವ್ವ ಕೇಳುತ್ತಿದ್ದಳು. ಯಾರಿಗೂ ಅಲ್ಲ. ಇವು ಇದ್ದಿದ್ದರೆ ಅವತ್ತು ತಪ್ಪಿಸಿಕೊಳ್ಳುತ್ತಿದ್ದೆನೇ ಎಂದು ನನಗೆ ತಿಳಿಯಬೇಕಿತ್ತು.

ಅದು ತಿಳಿಯಿತು. ಒಂದು ಮಾತ್ರ ತಿಳಿಯಲಿಲ್ಲ, ಅದನ್ನು ಕೇಳುತ್ತೇನೆ. ಅವತ್ತು ನೀವು ಸಿಳ್ಳು ಹೊಡೆದಿರಾ?

ಹೊಡೆದೆ ಎಂದೋ ಇಲ್ಲ ಎಂದೋ ಬರೆಯಿರಿ. ಏನು ಬರೆದರೂ ಹುಡುಗಿಗೆ ಬಾತು ಕೊಡುತ್ತೇನೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಹೊಳೆಪ್ಪ


ಮೂಡಲಗಿ
9 ಜನವರಿ 2024

ಹೊಳೆಪ್ಪ,

ಹೊಡೆದೆ. ಎರಡು ಸಲ ಹೊಡೆದೆ. ಜೀಪು ಕಂಡ ಕೂಡಲೇ ಬೆರಳು ಬಾಯಿಗೆ ಹೋಯಿತು. ಆದರೆ ಅವತ್ತು ಗಾಳಿ ಜೋರಿತ್ತು, ನೀರಿನ ಕಡೆಯಿಂದ ನನ್ನ ಮುಖಕ್ಕೆ ಬೀಸುತ್ತಿತ್ತು. ಸಿಳ್ಳು ನಿನ್ನವರೆಗೆ ಬಂದಿರಲಿಕ್ಕಿಲ್ಲ. ಇಷ್ಟು ವರ್ಷ ನೀನು ಈ ಸಂಶಯ ಇಟ್ಟುಕೊಂಡು ಕೂತಿದ್ದೆಯಾ? ಮೊದಲೇ ಕೇಳಿದ್ದರೆ ಹೇಳುತ್ತಿದ್ದೆನಲ್ಲ. ಆಮೇಲೆ ನಿನ್ನನ್ನು ಬಿಡಿಸಲು ಅಪ್ಪನ ಕಾಲು ಹಿಡಿದೆ. ಬಂದೂಕಿನ ಲೈಸೆನ್ಸು ಹೋಗುತ್ತದೆ, ಮನೆತನದ ಹೆಸರು ಹೋಗುತ್ತದೆ, ಬಾಯಿ ಮುಚ್ಚು ಅಂದ. ಮನೆಯಲ್ಲಿ ಸಣ್ಣ ಮಕ್ಕಳಿದ್ದವು. ಮುಚ್ಚಿದೆ.

ಒಂದು ಬೇಡಿಕೆ ಇದೆ. ಕಾಜಲ್ ಬಂದಾಗ ಇದ್ಯಾವುದನ್ನೂ ಹೇಳಬೇಡ. ಅವಳು ಬರೆಯುತ್ತಿರುವ ಪ್ರಬಂಧದ ಮೊದಲ ಪುಟದಲ್ಲಿ ‘ಹಕ್ಕಿಗಳನ್ನು ನೋಡಲು ಕಲಿಸಿದ ಅಜ್ಜನಿಗೆ’ ಎಂದು ಬರೆದಿದ್ದಾಳೆ. ಸಣ್ಣವಳಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ಕಾಲುವೆಯ ದಂಡೆಗೆ ಕರೆದುಕೊಂಡು ಹೋಗುತ್ತಿದ್ದೆ. ಇದು ಇಂಥ ಬಾತು, ಅದು ಇಂಥದ್ದು, ಹೀಗೆ ಹಾರುತ್ತದೆ, ಹೀಗೆ ಇಳಿಯುತ್ತದೆ ಎಂದು ತೋರಿಸುತ್ತಿದ್ದೆ. ಅಜ್ಜ ಅದನ್ನೆಲ್ಲ ಪ್ರೀತಿಯಿಂದ ನೋಡಿ ಕಲಿತ ಎಂದು ಅವಳು ತಿಳಿದಿದ್ದಾಳೆ. ಬಂದೂಕಿನ ಹಿಂದೆ ನಿಂತು ಕಲಿತದ್ದೆಂದು ಗೊತ್ತಿಲ್ಲ. ಈ ಮನೆಯಲ್ಲಿ ನನ್ನನ್ನು ಹುಡುಕಿಕೊಂಡು ಬಂದು ಮಾತಾಡಿಸುವವಳು ಅವಳೊಬ್ಬಳೇ ಹೊಳೆಪ್ಪ. ಅದನ್ನು ಕಳೆದುಕೊಂಡರೆ ನನ್ನ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಭೀಮಶಿಯ ಕೈಯಲ್ಲಿ ಬೆಲ್ಲದ ಎರಡು ಪೆಂಟಿ ಕಳಿಸಿದ್ದೇನೆ. ನಮ್ಮದೇ ಗಾಣದ ಹೊಸ ಬೆಲ್ಲ. ನಿನಗೆ ಬಿಸಿರೊಟ್ಟಿಯ ಜೊತೆ ಸೇರುತ್ತಿತ್ತು, ಮರೆತಿಲ್ಲ.

ನಿನ್ನ,
ದುರ್ಗಪ್ಪ


ಗೋಕಾಕ ಫಾಲ್ಸ್
2 ಫೆಬ್ರವರಿ 2024

ಶ್ರೀ ದುರ್ಗಪ್ಪನವರಿಗೆ,

ರವಿವಾರ ನಿಮ್ಮ ಮೊಮ್ಮಗಳು ಬಂದಿದ್ದಳು. ಒಳ್ಳೆಯ ಹುಡುಗಿ. ನನಗೆ ಕೇಳಿಸುವುದಿಲ್ಲ ಎಂದು ಗೊತ್ತಾದ ಮೇಲೆ ಕೂಗಲಿಲ್ಲ. ಎಲ್ಲರೂ ಕೂಗುತ್ತಾರೆ. ಅವಳು ನೋಟ್ ಬುಕ್ ತೆಗೆದು ಬರೆದು ತೋರಿಸಿದಳು, ನಾನು ಬಾಯಿಂದ ಹೇಳಿದೆ. ಅಂಗಡಿ ಮುಚ್ಚಿ ಇಬ್ಬರೂ ಊರ ಹೊರಗಿನ ಕೆರೆಗೆ ಹೋದೆವು.

ನನ್ನ ಬಾತುಗಳು ಮೊದಲ ಸಲ ನೀರು ಕಂಡವು. ತೇಲುತ್ತವೋ ಇಲ್ಲವೋ ಎಂಬುದೇ ನನಗೆ ಖಾತ್ರಿ ಇರಲಿಲ್ಲ. ಒಂದರ ಕಡ್ಡಿ ಸಡಿಲಾಗಿ ಸ್ವಲ್ಪ ವಾಲಿತು, ಉಳಿದವು ಚೆನ್ನಾಗಿ ಕೂತವು. ದಂಡೆಯ ಕಲ್ಲಿನ ಮೇಲೆ ಕೂತು ಬಹಳ ಹೊತ್ತು ನೋಡಿದೆ. ಅಷ್ಟರಲ್ಲಿ ಹುಡುಗಿ ಬಂದು ಪುಸ್ತಕ ಮುಂದೆ ಹಿಡಿದಳು: "ಅಜ್ಜಾ, ನಾ ಹೆಂಗಾರ ಇಟ್ರೂ ಎಲ್ಲಾ ಒಂದ ಕಡಿ ತಿರಗಿ ನಿಂದರತಾವಲ್ಲ, ಯಾಕ?"

"ದಾರ ಎದಿಗಿ ಕಟ್ಟೀನವ್ವಾ" ಅಂದೆ. "ಗಾಳಿ ಯಾವ ಕಡಿಂದ ಬರತೈತಿ, ಆ ಕಡಿ ಮಾರಿ ಮಾಡ್ತಾವು. ಖರೆ ಬಾತೂ ಹಂಗ ಕೂಡ್ತಾವು. ರೆಕ್ಕಿಪುಕ್ಕ ಕೆದರಬಾರದಲ್ಲ."

ನಮ್ಮಪ್ಪ ಕಟ್ಟಿಗೆಯವಕ್ಕೂ ಎದೆಗೇ ದಾರ ಕಟ್ಟುತ್ತಿದ್ದ. ದುರ್ಗಪ್ಪನವರೇ, ಅವತ್ತು ಹನ್ನೆರಡೂ ಬಾಂದಿನ ಕಡೆಗೆ ಮುಖ ಮಾಡಿದ್ದವು. ನಾನು ಅವುಗಳ ಆಚೆ, ಆಳದ ಕಡೆ ನಿಂತು ಒಂದೊಂದನ್ನೂ ಬಾಲದಿಂದ ಹಿಡಿದು ಎತ್ತಿದೆ. ಏಳನ್ನೂ ಹಾಗೇ ಎತ್ತಿದೆ, ನನ್ನ ಕೈಗೆ ಇನ್ನೂ ನೆನಪಿದೆ. ಗಾಳಿ ನಿಮ್ಮ ಕಡೆಯಿಂದ ನನ್ನ ಕಡೆಗೆ ಬರುತ್ತಿತ್ತು. ನಿಮ್ಮ ಮುಖಕ್ಕಲ್ಲ, ನಿಮ್ಮ ಬೆನ್ನಿಗೆ ಬೀಸುತ್ತಿತ್ತು.

ಇನ್ನೊಂದು. ಸೈಕಲ್ಲಿನ ಸ್ಟ್ಯಾಂಡನ್ನು ಕಾಲಿನಿಂದ ಒದ್ದ ಸದ್ದು ನನಗೆ ಕೇಳಿಸಿತ್ತು. ಬಂದೂಕು ಕಟ್ಟಿ ಆಯಿತು, ಇನ್ನು ಬಂದು ನನಗೆ ಕೈಜೋಡಿಸುತ್ತೀರಿ ಎಂದುಕೊಂಡೆ. ಆಗ ನನ್ನ ಎರಡೂ ಕಿವಿ ನೆಟ್ಟಗಿದ್ದವು. ಸ್ಟ್ಯಾಂಡಿನ ಸದ್ದು ಕೇಳಿದ ಕಿವಿಗೆ ಸಿಳ್ಳು ಬಂದಿದ್ದರೆ ಕೇಳುತ್ತಿತ್ತು.

ಇದೆಲ್ಲ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ಬಾಯಿಂದ ಬರಲಿ ಎಂದು ಕೇಳಿದೆ. ಬಂದದ್ದು ಸುಳ್ಳು.

ಕಿವಿ ಗಿರಣಿಯಲ್ಲಿ ಹೋಯಿತು ಎಂದು ಭೀಮಶಿ ಹೇಳಿದನಲ್ಲ, ನಾನೇ ಊರಿಗೆಲ್ಲ ಹಾಗೆ ಹೇಳಿಕೊಂಡಿದ್ದೇನೆ. ಎಡಗಿವಿ ಹೋದದ್ದು ಹಿಡಿದ ಮೇಲಿನ ಮೂರು ದಿನಗಳ ಹೊಡೆತದಲ್ಲಿ. ಬಲಗಿವಿ ವಯಸ್ಸಿಗೆ ಹೋಯಿತು. "ಬಂದೂಕು ಯಾರದು, ಜೋಡಿ ಯಾರಿದ್ರು" ಎಂದು ಮೂರು ದಿನ ಅದೊಂದನ್ನೇ ಕೇಳಿದರು. ಒಂದು ಹೆಸರು ಹೇಳಿದ್ದರೆ ಕಿವಿ ಉಳಿಯುತ್ತಿತ್ತು. ನಿಮ್ಮ ತಂದೆಯವರು ಯಾರನ್ನೋ ಹಿಡಿದು ನಿಮ್ಮ ಹೆಸರು ಬರದಂತೆ ಮಾಡಿದರು ಎಂದು ನೀವು ತಿಳಿದಿರಬಹುದು. ಹೆಸರು ಬರಲಿಲ್ಲ, ಯಾಕೆಂದರೆ ನಾನು ಹೇಳಲಿಲ್ಲ.

ಹುಡುಗಿಯೂ ಕೇಳಿದಳು, "ಇಷ್ಟೆಲ್ಲಾ ಹೆಂಗ ಗೊತ್ತ ಅಜ್ಜಾ ನಿಮಗ?" ಎಂದು ಬರೆದು. ನಾನು ಹಿಂದೆ ಬಾತು ಕದಿಯುತ್ತಿದ್ದೆ, ಜೈಲಿಗೆ ಹೋಗಿದ್ದೆ ಅಂದೆ. ಒಬ್ಬನೇ ಹೋಗುತ್ತಿದ್ದೆ ಅಂದೆ. ನಿಮ್ಮ ಬೇಡಿಕೆ ನಡೆಸಿಕೊಟ್ಟಿದ್ದೇನೆ. ಇದು ಎರಡನೆಯ ಸಲ. ಮೂರನೆಯ ಸಲ ಕೇಳಬೇಡಿ.

ಬೆಲ್ಲವನ್ನು ಭೀಮಶಿಯ ಕೈಯಲ್ಲೇ ತಿರುಗಿ ಕಳಿಸಿದ್ದೇನೆ. ಮುಟ್ಟಿಲ್ಲ.

ಹೊಳೆಪ್ಪ


ಹುಕ್ಕೇರಿ
17 ಮಾರ್ಚ್ 2024

ಹೊಳೆಪ್ಪ,

ಕಾಜಲ್‌ಳ ಖೋಲಿಯ ಹೊಸ್ತಿಲ ಹೊರಗೆ ಕೂತು ಬರೆಯುತ್ತಿದ್ದೇನೆ. ಒಳಗೆ ಬಾ ಎಂದು ಅವಳು ಕರೆದಿಲ್ಲ.

ನಿನ್ನ ಕಾಗದ ಬಂದು ಆರು ವಾರವಾಯಿತು. ಉತ್ತರ ಬರೆಯಲು ಎಷ್ಟೋ ಸಲ ಕೂತೆ. ಒಂದರಲ್ಲಿ ಗಾಳಿ ನನಗೆ ಸರಿಯಾಗಿ ನೆನಪಿಲ್ಲ ಎಂದು ಬರೆದೆ. ಇನ್ನೊಂದರಲ್ಲಿ ಸಿಳ್ಳು ಮೆಲ್ಲಗೆ ಹೊಡೆದಿರಬೇಕು ಎಂದು ಬರೆದೆ. ನಾಚಿಕೆಯಾಗಿ ಎರಡನ್ನೂ ಒಲೆಗೆ ಹಾಕಿದೆ. ನನ್ನ ಹೆಂಡತಿ ರಾಮವ್ವ ನೋಡುತ್ತಿದ್ದವಳು, "ಇಷ್ಟ ಬರದ ಸುಡೂದಕ್ಕಿಂತ ಹೋಗಿ ಹೇಳಬಾರದ?" ಅಂದಳು. ಅವಳಿಗೂ ಪೂರ್ತಿ ಗೊತ್ತಿಲ್ಲ. ಏನೋ ಇದೆ ಎಂದು ಮಾತ್ರ ಗೊತ್ತು.

ನಿನ್ನೆ ಇಲ್ಲಿಗೆ ಬಂದೆ. ಇವತ್ತು ಬೆಳಿಗ್ಗೆ ಅವಳ ಜೊತೆ ಹಿನ್ನೀರಿಗೆ ಹೋದೆ. ಅವಳು ನಿನ್ನ ಬಾತುಗಳನ್ನು ಬಿಡುವುದನ್ನು ನೋಡಬೇಕಿತ್ತು ನೀನು. ಚೀಲದಿಂದ ತೆಗೆದು ಕೈ ಒದರಿದರೆ ಕೊಡೆಯ ಹಾಗೆ ಬಿಚ್ಚಿಕೊಳ್ಳುತ್ತವೆ. ನಾನು ದಂಡೆಯ ಮೇಲೆ ಎತ್ತರದಲ್ಲಿ ನಿಂತಿದ್ದೆ. ಮೂಡಗಾಳಿ ನನ್ನ ಬೆನ್ನಿಗೆ ಬೀಸುತ್ತಿತ್ತು. ಹನ್ನೆರಡೂ ಮೆಲ್ಲಗೆ ತಿರುಗಿ ನನ್ನ ಕಡೆಗೆ ಮುಖ ಮಾಡಿ ನಿಂತವು. ಅವತ್ತು ನಿಂತ ಹಾಗೆಯೇ. ನಾನು ಅವತ್ತು ಅವುಗಳನ್ನು ನೋಡಿದ್ದೆ ಹೊಳೆಪ್ಪ. ಅವುಗಳ ಹಿಂದೆ ನೀನು ಬಗ್ಗಿದ್ದನ್ನೂ ನೋಡಿದ್ದೆ.

ಸಿಳ್ಳು ಹೊಡೆಯಲಿಲ್ಲ. ಜೀಪು ತಿರುವಿನಲ್ಲಿ ಕಂಡಿತು. ಬೆರಳು ಬಾಯಿಯವರೆಗೆ ಹೋದದ್ದು ನಿಜ. ಹೊಡೆದರೆ ಅವರು ನನ್ನ ಕಡೆ ನೋಡುತ್ತಾರೆ ಎಂದು ಹೊಳೆಯಿತು. ಬೆರಳು ಇಳಿಸಿ ಸ್ಟ್ಯಾಂಡ್ ಒದ್ದೆ. ಇಷ್ಟೇ. ಗಾಳಿಯ ಮಾತು ಸುಳ್ಳು, ಅಪ್ಪನ ಕಾಲು ಹಿಡಿದೆ ಅಂದದ್ದೂ ಸುಳ್ಳು. ಮನೆಗೆ ಹೋಗಿ ಬಂದೂಕು ಒರೆಸಿಟ್ಟು ಊಟ ಮಾಡಿದೆ. ಐದು ಬಾತು ನೀರಿನಲ್ಲೇ ಉಳಿದವು, ಏಳನ್ನು ಅವರು ಒಯ್ದರು ಎಂದು ತಿಳಿದಾಗ, ಬಾತು ಹೋದವಲ್ಲ ಎಂದು ಅಪ್ಪ ಬೈದ. ನೀನು ಹೋದೆ ಎಂದು ಆ ಮನೆಯಲ್ಲಿ ಯಾರೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ಇದನ್ನೆಲ್ಲ ಅಲ್ಲೇ ದಂಡೆಯ ಮೇಲೆ ಕಾಜಲ್‌ಳಿಗೆ ಹೇಳಿದೆ. ಬಂದೂಕು ನಮ್ಮದು ಎಂದೂ, ಹೊಳೆಪ್ಪಜ್ಜ ಒಬ್ಬನೇ ಹೋಗುತ್ತಿದ್ದೆ ಅಂದದ್ದು ನನಗಾಗಿ ಎಂದೂ, ಅವನ ಕಿವಿ ಹೋದದ್ದು ಹೇಗೆ ಎಂದೂ ಹೇಳಿದೆ. ಅವಳು ನೀರಿನಲ್ಲೇ ನಿಂತು ಕೇಳಿದಳು.

"ಅಜ್ಜಾ, ಒಂದ ಸಿಳ್ಳ ಹೊಡಿಯಾಕ ಎಷ್ಟೊತ್ತ ಬೇಕು?" ಅಂದಳು.

ಆಮೇಲೆ ಅವಳು ದಾರ ಎಳೆದು ಬಾತುಗಳನ್ನು ಎತ್ತಿದಳು. ಕೈಜೋಡಿಸಲು ಇಳಿದೆ. "ನೀ ಮುಟ್ಟಬ್ಯಾಡ" ಅಂದಳು. ಖೋಲಿಗೆ ಬಂದವಳೇ ಪ್ರಬಂಧದ ಮೊದಲ ಪುಟ ತೆಗೆದು ಆ ಸಾಲಿನ ಮೇಲೆ ಪೆನ್ನು ಎಳೆದಳು. ನನ್ನ ಕಣ್ಣ ಮುಂದೆಯೇ ಎಳೆದಳು. ನಾನು ಏನನ್ನು ಕಾಯ್ದುಕೊಳ್ಳಲು ನಿನಗೆ ಸುಳ್ಳು ಬರೆದೆನೋ ಅದು ಹೋಯಿತು. ಹೋಗಲಿ. ಅದು ನನ್ನದಾಗಿರಲಿಲ್ಲ.

ನಿನ್ನ ಮಗಳು ಆಮ್ರಪಾಲಿ ಇದೇ ಊರಿನಲ್ಲಿದ್ದಾಳಲ್ಲ. ಅವಳ ಮುಂದೆಯೂ ಹೇಳುತ್ತೇನೆ. ಗೋಕಾಕದ ಸಂತೆಯಲ್ಲಿ ನಿಂತು ಹೇಳು ಅಂದರೆ ಅಲ್ಲಿಯೂ ಹೇಳುತ್ತೇನೆ. ಆದರೆ ಮೊದಲು ನಿನ್ನ ಮುಂದೆ ಹೇಳಬೇಕು. ಬರಲೇ? ಬರಬೇಡ ಅಂದರೆ ಬರುವುದಿಲ್ಲ.

ದುರ್ಗಪ್ಪ


ಗೋಕಾಕ ಫಾಲ್ಸ್
29 ಮಾರ್ಚ್ 2024

ದುರ್ಗ್ಯಾ,

ಕಾಗದ ಬಂತು. ಮೂರು ಸಲ ಓದಿದೆ. ಇಷ್ಟು ವರ್ಷ ಗೊತ್ತಿದ್ದ ಮಾತನ್ನೇ ನಿನ್ನ ಅಕ್ಷರದಲ್ಲಿ ನೋಡಿದಾಗ ಹಿಡಿದಿದ್ದ ಕೊಡೆಯ ಕಡ್ಡಿ ಬೆರಳಿಗೆ ಚುಚ್ಚಿತು. ಅಂಗಡಿ ಮುಚ್ಚಿ ಮನೆಗೆ ಬಂದು ಅತ್ತೆ. ಸುಳ್ಳೇಕೆ ಹೇಳಲಿ, ಜೋರಾಗಿಯೇ ಅತ್ತಿರಬೇಕು, ಪಕ್ಕದ ಮನೆಯ ಮಾಯವ್ವ ಓಡಿಬಂದಳು.

ಕ್ಷಮಿಸಿದೆ ಎಂದು ಬರೆಯಲು ಕೂತೆ, ಬರೆಯಲಾಗಲಿಲ್ಲ. ಬರೆದರೆ ನಾನೂ ಸುಳ್ಳು ಬರೆದ ಹಾಗಾಗುತ್ತದೆ. ಬೇಟೆ ಇಬ್ಬರದೂ ತಪ್ಪು, ಅದರ ಶಿಕ್ಷೆ ನನ್ನ ಪಾಲಿಗೆ ಬಂದದ್ದಕ್ಕೆ ನನ್ನ ತಕರಾರಿಲ್ಲ. ನೀನು ಓಡಿದ್ದಕ್ಕೂ ಇಲ್ಲ. ನಿನ್ನ ಜಾಗದಲ್ಲಿದ್ದರೆ ನಾನೂ ಓಡುತ್ತಿದ್ದೆನೇನೋ. ನಿನ್ನ ಸಿಳ್ಳು ಬರುತ್ತದೆ ಎಂದು ನಂಬಿ ಬಾತು ಎತ್ತುತ್ತಿದ್ದೆನಲ್ಲ, ಅದೊಂದನ್ನು ನುಂಗಲು ಆಗಿಲ್ಲ.

ಹೋದ ರವಿವಾರ ಕಾಜಲ್ ಬಂದಿದ್ದಳು, ಆಮ್ರಪಾಲಿಯನ್ನೂ ಕರೆದುಕೊಂಡು. ಹುಕ್ಕೇರಿಯಲ್ಲಿ ಅವಳ ಶಾಲೆ ಹುಡುಕಿಕೊಂಡು ಹೋಗಿ ತಾನೇ ಎಲ್ಲವನ್ನೂ ಹೇಳಿದಳಂತೆ. ನಿನ್ನ ಕಾಗದವನ್ನು ಇಬ್ಬರಿಗೂ ಓದಲು ಕೊಟ್ಟೆ. ಆಮ್ರಪಾಲಿ ಓದಿ ಮುಗಿಸಿ ಮಡಚಿ ಸೆರಗಿನಲ್ಲಿ ಇಟ್ಟುಕೊಂಡಳು, ತಿರುಗಿ ಕೊಡಲಿಲ್ಲ. ಆಮೇಲೆ ನನ್ನನ್ನು ಗೋಕಾಕದ ಸಂತೆಗೆ ಕರೆದುಕೊಂಡು ಹೋದಳು. ಏನೂ ಕೊಳ್ಳಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ನಡೆದು ಬಂದೆವು.

ಮೊಮ್ಮಗಳು ನಿನ್ನ ಸಾಲಿನ ಮೇಲೆ ಗೆರೆ ಎಳೆದ ಪುಟವನ್ನು ನನಗೆ ತೋರಿಸಿದಳು. ಅಲ್ಲಿ ನನ್ನ ಹೆಸರು ಬರೆಯುತ್ತೇನೆ ಅಂದಳು. ಬೇಡ ಅಂದೆ. ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದವನು ನೀನು, ಅದು ಸುಳ್ಳಲ್ಲವಲ್ಲ. ಯೋಚನೆ ಮಾಡುತ್ತೇನೆ ಎಂದು ಬರೆದು ತೋರಿಸಿದಳು. ಅವಸರ ಮಾಡಬೇಡ, ಅವಳ ಸಿಟ್ಟು ಅವಳ ಹತ್ತಿರ ಇರಲಿ.

ಬರಲೇ ಎಂದು ಕೇಳಿದ್ದೀ. ಬಾ. ಬರುವಾಗ ಬೆಲ್ಲ ತಾ. ಬಸ್ಸಿನಿಂದ ಇಳಿದು ಗಿರಣಿಯ ಗೋಡೆ ಹಿಡಿದು ನಡೆದರೆ ಮೂರನೆಯ ಓಣಿ. ಬಾಗಿಲು ತೆರೆದೇ ಇರುತ್ತದೆ. ಹೊರಗೆ ನಿಂತು ಕರೆಯಬೇಡ, ಬಾಗಿಲು ಬಡಿಯಬೇಡ, ಈಗ ನೀನು ಸಿಳ್ಳು ಹೊಡೆದರೂ ನನಗೆ ಕೇಳುವುದಿಲ್ಲ. ಒಳಗೆ ಬಂದು ನನ್ನ ಎದುರಿಗೆ ನಿಲ್ಲು.

ಹೊಳ್ಯಾ